ನನಗೆ ಎಲ್ಲರ ಎದೆಯಲ್ಲೂ ಕ್ರೆಪ್ಸ್ ಕೇಳುತ್ತದೆ: ಕಿವಿ ಪಳಗಿದವರು ಅನುಭವ ಹೇಳಿ

ಫೈನಲ್ ಇಯರ್ ಎಂಬಿಬಿಎಸ್: ಮೆಡಿಸಿನ್ ಪೋಸ್ಟಿಂಗ್ ನಡೆಯುತ್ತಿದೆ. ಸ್ಟೆತ್ (ಸ್ಟೆತಸ್ಕೋಪ್) ಇಟ್ಟರೆ ಎಲ್ಲರ ಎದೆಯಲ್ಲೂ ಕ್ರೆಪ್ಸ್ (ಚಟಪಟ ಸದ್ದು) ಕೇಳುತ್ತದೆ, ಬ್ರಾಂಕಿಯಲ್ (ಶ್ವಾಸಕೋಶ ಗಟ್ಟಿಯಾದ ಕಡೆ ಕೇಳುವ ಉಸಿರಿನ ಸದ್ದು) ಮಾತ್ರ ಒಬ್ಬರಲ್ಲೂ ಸಿಕ್ಕಿಲ್ಲ. ದುಬಾರಿ ಸ್ಟೆತ್ ತಗೊಂಡರೆ ಸರಿಹೋಗುತ್ತಾ? ರೆಕಾರ್ಡಿಂಗ್ ಕೇಳಿ ಕಲಿಯಬಹುದಾ? ಪ್ರಾಕ್ಟಿಕಲ್ಸ್ ಹತ್ತಿರ ಇದೆ.

ಹೌಸ್ ಸರ್ಜನ್: ಸ್ಟೆತ್ ವಿಷಯ ನನ್ನನ್ನು ಕೇಳಿ. ಅಪ್ಪನ ಹತ್ತಿರ ಹಟ ಹಿಡಿದು ಲಿಟ್‌ಮನ್ ಕ್ಲಾಸಿಕ್ ತಗೊಂಡೆ, 9,000 ಚಿಲ್ಲರೆ. ವಾರ್ಡಿನಲ್ಲಿ ಕಳುವಾಯಿತು. ಆಮೇಲೆ ಆನ್‌ಲೈನ್‌ನಲ್ಲಿ ಆಫರ್ ಅಂತ ಇನ್ನೊಂದು, 4,500. ನಕಲಿ! ಟ್ಯೂಬ್ ಬಿರುಕು ಬಿಟ್ಟಿತು, ಇಯರ್ ಟಿಪ್ಸ್‌ಗೆ 400 ದಂಡ. ವಾಪಸ್ ತಗೊಳ್ಳುವ ಅವಧಿ ಮುಗಿದಿದೆ ಅಂದರು. ಕೊನೆಗೆ ಸ್ಟೈಪೆಂಡ್ ಬಂದ ಮೇಲೆ ಅಸಲಿ ತಗೊಂಡು ಹೆಸರು ಕೆತ್ತಿಸಿದೆ. ನಕಲಿಯಲ್ಲಿ ಕ್ಲಿಯರ್ ಅನಿಸಿದ ಎದೆಯಲ್ಲಿ ಇದರಲ್ಲಿ ಬೇಸ್‌ನ (ಶ್ವಾಸಕೋಶದ ಬುಡದ) ಫೈನ್ ಕ್ರೆಪ್ಸ್ ಕೇಳಿತು. ಐಎಲ್‌ಡಿ (ಶ್ವಾಸಕೋಶದ ಅಂಗಾಂಶ ದಪ್ಪವಾಗುವ ಕಾಯಿಲೆ) ಕೇಸ್ ಅದು. ದುಡ್ಡು ಹಾಕಿ, ಸುಮ್ನೆ ಒದ್ದಾಡಬೇಡಿ.

ತಾಲ್ಲೂಕು ಡಾಕ್ಟರ್: 1816ರಲ್ಲಿ ಪ್ಯಾರಿಸ್‌ನ ಲೆನೆಕ್, ಸ್ಟೆತ್ ಕಂಡುಹಿಡಿದ ಡಾಕ್ಟರ್, ಕಾಗದದ ಸುರುಳಿ ಇಟ್ಟುಕೊಂಡು ಎದೆ ಕೇಳಿದ. ಅವನಿಗೆ ಯಾವ ಅಪ್ಪ ಲಿಟ್‌ಮನ್ ಕೊಡಿಸಿದ್ದ? ನನ್ನದು 600 ರೂಪಾಯಿಯದು, ಇವತ್ತಿಗೂ ಅದೇ. ನಮ್ಮ ಯೂನಿಟ್ ಚೀಫ್ ಸದ್ದಿನ ಹೆಸರು ಹೇಳಲು ಬಿಡುತ್ತಿರಲಿಲ್ಲ. ಉಸಿರು ಎಳೆಯುವ ಸದ್ದು ಉದ್ದವಾ, ಬಿಡುವುದು ಉದ್ದವಾ? ನಡುವೆ ಗ್ಯಾಪ್ ಇದೆಯಾ? ಅಷ್ಟೇ ಕೇಳುತ್ತಿದ್ದರು. ವೆಸಿಕ್ಯುಲರ್‌ನಲ್ಲಿ (ಸಹಜ ಉಸಿರಿನ ಸದ್ದು) ಎಳೆಯುವುದು ಉದ್ದ, ಬಿಡುವುದು ಗ್ಯಾಪ್ ಇಲ್ಲದೆ ಬಂದು ಬೇಗ ಅಡಗುತ್ತದೆ. ಬ್ರಾಂಕಿಯಲ್‌ನಲ್ಲಿ ಗ್ಯಾಪ್ ಇರುತ್ತದೆ, ಬಿಡುವುದು ಎಳೆದಷ್ಟೇ ಉದ್ದ ಅಥವಾ ಜಾಸ್ತಿ, ಸದ್ದು ಟೊಳ್ಳು. ಇದು ತಪ್ಪಿದರೆ ಆ ದಿನ ಕೇಸ್ ಶೀಟ್ ಹರಿಯುತ್ತಿತ್ತು, ಅದೂ ಪೇಷಂಟ್ ಎದುರಿಗೇ. ನನ್ನದು ಎಷ್ಟೋ ಹರಿದಿದೆ. ಕೊನೆಗೆ ಒಬ್ಬ ಗಾರೆ ಕೆಲಸದವನ ಬಲಗಡೆ ಲೋವರ್ ಲೋಬ್‌ನಲ್ಲಿ (ಶ್ವಾಸಕೋಶದ ಕೆಳಭಾಗ) ಬ್ರಾಂಕಿಯಲ್ ಕೇಳಿತು ನೋಡಿ, ಲೋಬಾರ್ ನ್ಯುಮೋನಿಯಾ. ಎಕ್ಸ್‌ರೇ ಬರುವ ಮೊದಲೇ ಹೇಳಿದ್ದೆ.

ಎಲ್ಲರಿಗೂ ಕ್ರೆಪ್ಸ್ ಅಂದರೆ ಶರ್ಟ್ ಮೇಲೆ ಸ್ಟೆತ್ ಇಡುತ್ತಿದ್ದೀರಿ, ಇಲ್ಲವೇ ಎದೆಗೂದಲು. ಒತ್ತಿ ಹಿಡಿಯಿರಿ. ಕೆಮ್ಮಿಸಿ ಮತ್ತೆ ಕೇಳಿ.

ಹೌಸ್ ಸರ್ಜನ್: ಸರ್, ನಮ್ಮಪ್ಪನ ಸುದ್ದಿ ಬೇಡ.

ಪಲ್ಮನಾಲಜಿ ಪಿಜಿ: ಕಾಗದದ ಸುರುಳಿ ಕಥೆ ಸಾಕು ಸರ್. ನೀರು ತುಂಬಿದ ಪ್ಲೂರಾ (ಶ್ವಾಸಕೋಶದ ಹೊರಪೊರೆ) ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ ಕಣ್ಣಿಗೇ ಕಾಣುತ್ತದೆ. ನಾನು ರೆಕಾರ್ಡಿಂಗ್ ಕೋರ್ಸ್‌ಗೆ 2,500 ಕಟ್ಟಿದ್ದೆ, ದಂಡ. ಹೆಡ್‌ಫೋನಿನಲ್ಲಿ ಎಲ್ಲಾ ಸ್ಪಷ್ಟ, ವಾರ್ಡಿಗೆ ಬಂದರೆ ಪಕ್ಕದ ಬೆಡ್‌ನ ಮಗು ಅಳುತ್ತಿರುತ್ತದೆ. ಆದರೆ ಕೆಲವು ಸಲ ಸದ್ದು ಇಲ್ಲದಿರುವುದೇ ಅಪಾಯ. ನೈಟ್ ಡ್ಯೂಟಿಯಲ್ಲಿ ಒಬ್ಬ ಆಸ್ತಮಾ ಪೇಷಂಟ್‌ಗೆ ನೆಬ್ಯುಲೈಸೇಶನ್ ಆಗಿತ್ತು. "ವೀಝ್ ಹೋಗಿದೆ, ಇಂಪ್ರೂವಿಂಗ್" ಅಂತ ಜೂನಿಯರ್ ಬರೆದಿದ್ದ (ವೀಝ್ ಅಂದರೆ ಸಿಳ್ಳೆಯಂಥ ಸದ್ದು). ಹೋಗಿ ನೋಡಿದರೆ ಆಕೆಗೆ ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿಲ್ಲ. ಸೈಲೆಂಟ್ ಚೆಸ್ಟ್! ಗಾಳಿಯೇ ಓಡಾಡುತ್ತಿಲ್ಲ, ವೀಝ್ ಎಲ್ಲಿಂದ ಬರಬೇಕು? ಐಸಿಯುಗೆ ಶಿಫ್ಟ್ ಮಾಡಿಸಿದೆ. ಬೆಡ್ ಇಲ್ಲ ಅಂದವರ ಜೊತೆ ಜಗಳ ಆಡಿಯೇ ಮಾಡಿಸಿದ್ದು.

ತಾಲ್ಲೂಕು ಡಾಕ್ಟರ್: ನಮ್ಮ ಆಸ್ಪತ್ರೆಗೆ ಪ್ರೋಬ್ ಯಾರು ಕೊಡುತ್ತಾರಮ್ಮಾ? ಇರುವ ಸ್ಕ್ಯಾನಿಂಗ್ ಮೆಷಿನ್ ಕೋಣೆಗೆ ಬೀಗ, ಬೀಗದ ಕೈ ರಜೆಯಲ್ಲಿದೆ. ಆ ಸೈಲೆಂಟ್ ಚೆಸ್ಟ್ ನಿಮಗೆ ಪ್ರೋಬ್ ತೋರಿಸಿತಾ, ಸ್ಟೆತ್ ತೋರಿಸಿತಾ?

ಪಲ್ಮನಾಲಜಿ ಪಿಜಿ: ಪೇಷಂಟ್ ಮುಖ ತೋರಿಸಿತು ಸರ್.

ಫೈನಲ್ ಇಯರ್ ಎಂಬಿಬಿಎಸ್: ಹಾಗಾದರೆ ಸ್ಟೆತ್ ತಗೊಳ್ಳಲಾ, ಬೇಡವಾ?

ನರ್ಸಿಂಗ್ ಆಫೀಸರ್: ಯಾವುದಾದರೂ ತಗೊಳ್ಳಿ, ಕೇಳಿದ ಮೇಲೆ ಫ್ಯಾನ್ ಹಾಕಿ ಹೋಗಿ! ನಿಮ್ಮ ಹುಡುಗರು ಎದೆ ಕೇಳಬೇಕು ಅಂತ ಫ್ಯಾನ್ ಆಫ್ ಮಾಡುತ್ತಾರೆ, ಹಾಗೇ ಹೊರಟುಬಿಡುತ್ತಾರೆ. ಏಪ್ರಿಲ್ ಸೆಕೆಯಲ್ಲಿ ಪೇಷಂಟ್ ಕಡೆಯವರ ಕೈಲಿ ಬೈಸಿಕೊಳ್ಳುವವರು ನಾವು.

ಹೌಸ್ ಸರ್ಜನ್: ಯಾವ ಸ್ವಿಚ್ ಯಾವ ಫ್ಯಾನಿಗೆ ಅಂತ ಹುಡುಕುವುದರಲ್ಲೇ ರೌಂಡ್ಸ್ ಮುಗಿಯುತ್ತದೆ ಸಿಸ್ಟರ್. ಬೋರ್ಡ್ ಮೇಲೆ ಬರೆಸಿ.

ನರ್ಸಿಂಗ್ ಆಫೀಸರ್: ಬರೆಸಿದ್ದೆವು. ಅದರ ಮೇಲೆ ನಿಮ್ಮವರೇ ಡ್ಯೂಟಿ ಲಿಸ್ಟ್ ಅಂಟಿಸಿದ್ದಾರೆ.