ಚೇಳು ಕುಟುಕಿದ್ರೆ ಬೆವರು ಯಾಕೆ? – ಡಾಕ್ಟ್ರನ್ನ ಕೇಳಿ, ಮಧುಗಿರಿ-ಪಾವಗಡ ರೈತರ ಗುಂಪು

ಮಧುಗಿರಿಯ ತಾಯಿ: ಡಾಕ್ಟ್ರೇ, ಸಂಜೆ ಕಡ್ಲೆಕಾಯಿ ಬಣವೆ ಹತ್ರ ಏಳು ವರ್ಷದ ಮಗಳಿಗೆ ಕೆಂಚೇಳು ಕುಟುಕ್ತು. ಉರಿ ಅಷ್ಟಿಲ್ಲ ಅಂತಾಳೆ. ಆದ್ರೆ ಲಂಗ ಒದ್ದೆಯಾಗೋಷ್ಟು ಬೆವರು, ಎರಡು ಸಲ ವಾಂತಿ. ಬೆಳಗ್ಗೆ ಕರ್ಕೊಂಡೋದ್ರೆ ಸಾಕಾ?

ಡಾಕ್ಟ್ರು: ಬೆಳಗ್ಗೆ ಅಲ್ಲಮ್ಮ, ಈಗ. 108ಕ್ಕೆ ಫೋನ್ ಮಾಡಿ, ತಡ ಆದ್ರೆ ಯಾರದಾದ್ರೂ ಕಾರು ಹಿಡೀರಿ. ಉರಿ ಇಲ್ಲ ಅಂತ ಸಮಾಧಾನ ಬೇಡ. ಉರಿ ಉರಿ ಅಂತ ಬರೀ ಕೂಗಾಡೋರು ಸಾಮಾನ್ಯವಾಗಿ ಬೆಳಗ್ಗೆ ಎದ್ದು ಕಾಫಿ ಕುಡೀತಾರೆ. ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾಗೋ ಮಕ್ಕಳೇ ನಮ್ಮ ನಿದ್ದೆ ಕೆಡಿಸೋದು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆಸ್ಪತ್ರೇಲಿ ಪ್ರಜೋಸಿನ್ ಅನ್ನೋ ಬಿಪಿ ಇಳಿಸೋ ಮಾತ್ರೆ ಕೊಡ್ತಾರೆ, ಮಹಾರಾಷ್ಟ್ರದ ಮಹಾಡಿನ ಡಾ. ಬಾವಸ್ಕರ್ 1980ರ ದಶಕದಲ್ಲಿ ಇದರ ಉಪಯೋಗ ತೋರಿಸಿಕೊಟ್ರು. ಅಜ್ಜನ ಮಾತ್ರೆ ಡಬ್ಬಿಯಿಂದ ತೆಗೆದು ಮನೇಲೇ ಕೊಟ್ಟೀರಿ ಮತ್ತೆ! ಎದ್ದು ನಿಂತ್ರೆ ಬಿಪಿ ಕುಸಿಯುತ್ತೆ.

ಶಿರಾ ಸದಸ್ಯ: ಹುಣಸೆ ಬೀಜ ಕಲ್ಲಿಗೆ ಉಜ್ಜಿ ಅಂಟಿಸಿ, ವಿಷ ಹೀರ್ಕೊಂಡು ತಾನೇ ಉದುರುತ್ತೆ. ಹತ್ತು ಜನಕ್ಕೆ ಕಳಿಸಿ 🙏

ಡಾಕ್ಟ್ರು: ಗೋಡೆಗೆ ಅಂಟಿಸಿದ್ರೂ ಉದುರುತ್ತೆ. ಗೋಡೆಗೇನು ವಿಷ ಏರಿತ್ತಾ?

ಕೊರಟಗೆರೆ ಸದಸ್ಯ: ಚೇಳಿನ ಪ್ರತಿವಿಷ ತಾಲ್ಲೂಕಲ್ಲಿ ಸಿಗುತ್ತಾ ಸಾರ್?

ಬಿಎಸ್ಸಿ ವಿದ್ಯಾರ್ಥಿನಿ, ತುಮಕೂರು: ಸರ್, ವಿಷ ಸೋಡಿಯಂ ಚಾನೆಲ್, ಅಂದ್ರೆ ನರಕೋಶದೊಳಕ್ಕೆ ಸೋಡಿಯಂ ಬಿಡೋ ಬಾಗಿಲು, ಮುಚ್ಚೋಕೆ ಬಿಡಲ್ಲ ಅಂತ ಓದಿದೆ. ತೆರೆಯೋಕೆ ಬಿಟ್ಟು ಮುಚ್ಚೋದನ್ನ ಮಾತ್ರ ಹೇಗೆ ತಡೆಯುತ್ತೆ?

ಡಾಕ್ಟ್ರು: ಆ ಮಗು ಹೊರಟ ಸುದ್ದಿ ಬರೋವರೆಗೂ ನಾನು ಮಲಗಲ್ಲ, ಬರೀತೀನಿ. ಚಾನೆಲ್ ಒಂದೇ ಉದ್ದನೆ ಪ್ರೋಟೀನು. ನಾಲ್ಕು ಭಾಗ ಸುತ್ತ ಕೂತು ನಡುವೆ ತೂತು. ಪ್ರತಿ ಭಾಗದಲ್ಲೂ ಎಸ್4 ಅನ್ನೋ ಧನಾವೇಶದ ಕಡ್ಡಿ ಇದೆ. ನರದ ವೋಲ್ಟೇಜ್ ಏರಿದಾಗ ಅದು ಹೊರಗಡೆಗೆ ಸರಿಯುತ್ತೆ. ಮೊದಲ ಮೂರು ಚುರುಕು, ತೂತು ತೆರೆಯುತ್ತೆ. ನಾಲ್ಕನೇದು ಸೋಮಾರಿ. ಅದು ಸರಿದ ಮೇಲೇ ಮೂರು-ನಾಲ್ಕನೇ ಭಾಗಗಳ ನಡುವೆ ಜೀವಕೋಶದ ಒಳಗಿರೋ ಕುಣಿಕೆ ಬಂದು ಕೂರುತ್ತೆ, ಹರಿವು ನಿಲ್ಲುತ್ತೆ. ಕುಣಿಕೆಯ ತುದಿಗೆ ಐಸೊಲ್ಯೂಸಿನ್, ಫಿನೈಲಲನಿನ್, ಮೆಥಿಯೋನಿನ್, ಈ ಮೂರು ಅಮೈನೊ ಆಮ್ಲ. ಎಲ್ಲ ಒಂದೆರಡು ಮಿಲಿಸೆಕೆಂಡಿನ ಆಟ. ಚೇಳಿನ ಆಲ್ಫಾ ವಿಷ ಹೊರಗಿಂದ ಬಂದು ಆ ಸೋಮಾರಿ ಕಡ್ಡೀನೇ ಅಮುಕಿ ಹಿಡಿಯುತ್ತೆ. ಬಾಗಿಲು ತೆರೀತು, ಚಿಲಕ ಬೀಳ್ಲಿಲ್ಲ. ನರಗಳು ಸುಮ್ಮನಾಗಲ್ಲ, ಬೆವರು, ವಾಂತಿ, ತಣ್ಣನೆ ಕೈ, ಎಲ್ಲ ಆ ಗಲಾಟೆ.

ಪಿಯು ಮೇಷ್ಟ್ರು: ಚಾನೆಲ್ ಮುಚ್ಚೋದು ಚೆಂಡು-ಸರಪಳಿ ಥರ ಅಲ್ವೇ? ಚೆಂಡು ತೂತಿಗೆ ಬಿರಡೆ ಹಾಕುತ್ತೆ. ಇಪ್ಪತ್ತು ವರ್ಷದಿಂದ ಹಾಗೇ ಪಾಠ ಮಾಡ್ತಿದ್ದೀನಿ.

ಡಾಕ್ಟ್ರು: ಅದು ಹಣ್ಣಿನ ನೊಣದ ಶೇಕರ್ ಅನ್ನೋ ಪೊಟ್ಯಾಸಿಯಂ ಚಾನೆಲ್. ಸೋಡಿಯಂ ಚಾನೆಲಲ್ಲಿ ಆ ಮೂರು ಅಮೈನೊ ಆಮ್ಲ ಕೂರೋದು ತೂತಿನ ಪಕ್ಕದ ಸಂದೀಲಿ. 2017ರಿಂದ ಬಂದ ಕ್ರಯೋ ಚಿತ್ರಗಳನ್ನ, ಅಂದ್ರೆ ಪ್ರೋಟೀನನ್ನ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದಿದ್ದನ್ನ, ನೋಡಿ.

ಪಿಯು ಮೇಷ್ಟ್ರು: ಹಾಗಾದ್ರೆ 1952ರ ಹಾಡ್ಜ್‌ಕಿನ್-ಹಕ್ಸ್‌ಲಿ ನರದ ಸಿದ್ಧಾಂತ ಸುಳ್ಳಾ?

ವಿದ್ಯಾರ್ಥಿನಿ: ಅವರು ಅಳೆದಿದ್ದು ಸ್ಕ್ವಿಡ್ ಅನ್ನೋ ಸಮುದ್ರಪ್ರಾಣಿಯ ನರದ ಕರೆಂಟು, ಆಗ ಪ್ರೋಟೀನು ಯಾರೂ ಕಂಡಿರಲಿಲ್ಲ ಸರ್.

ಪಿಯು ಮೇಷ್ಟ್ರು: ನೀನು ಯಾವ ಕಾಲೇಜಮ್ಮ?

ಪಾವಗಡ ಸದಸ್ಯ: ಇದೇನು ಕ್ಲಾಸಾ? ನಮ್ಮ ತಾತ ಬರೀ ಮಂತ್ರದಲ್ಲಿ ಎಷ್ಟೋ ಜನನ ಉಳಿಸವ್ರೆ.

ವಿದ್ಯಾರ್ಥಿನಿ: ಅವೆಲ್ಲ ಕರಿಚೇಳು ಇರ್ಬೇಕು, ಅದರ ವಿಷ ಕೆಂಚೇಳಿನಷ್ಟು ಜೋರಲ್ಲ.

ಪಾವಗಡ ಸದಸ್ಯ: ತಾತನ ಸುದ್ದಿಗೆ ಬರಬೇಡ.

ಶಿರಾ ಸದಸ್ಯ: ಡಾಕ್ಟ್ರೇ, ಪಟಿಕ ಕಾಯಿಸಿ ಕರಗಿಸಿ ಗಾಯದ ಮೇಲೆ ಬಿಟ್ರೆ?

ಡಾಕ್ಟ್ರು: ಚರ್ಮ ಸುಡುತ್ತೆ. ನಿಮ್ಮ ಫೋನಿಂದ ಬರೋದೆಲ್ಲಕ್ಕೂ ಇದೇ ಉತ್ತರ: ಬೇಡ.

ಮಧುಗಿರಿಯ ತಾಯಿ: ಆಸ್ಪತ್ರೆಗೆ ಸೇರ್ಸಿದ್ವಿ. ಆಕ್ಸಿಜನ್ ಹಾಕವ್ರೆ.

ಡಾಕ್ಟ್ರು: ಮಲಗಿಸೇ ಇರಿ, ಉಚ್ಚೆಗೂ ಎಬ್ಬಿಸಬೇಡಿ. ಡ್ಯೂಟಿ ಡಾಕ್ಟ್ರ ಕೈಗೆ ಫೋನ್ ಕೊಡಿ.