ಜಿಲ್ಲಾ ಪಂಚಾಯಿತಿ ಯಾಕೆ ಬೇಕು ಅಂತ ಮಾವ ಕೇಳಿದ್ದಕ್ಕೆ

(ನಮ್ಮ 'ಮನೆಮಂದಿ' ಗುಂಪು, 2024ರ ಒಂದು ಭಾನುವಾರ ಬೆಳಿಗ್ಗೆ. ಪುಟ್ಟಿ ಮಾವನ ಮಗಳು; ದೊಡ್ಡಮ್ಮ ಮಾವನ ಅಕ್ಕ, ಅಂದ್ರೆ ಪುಟ್ಟಿಗೆ ಅತ್ತೆ. ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದುಹಾಕಿದ್ದೇನೆ.)

ಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) "2021ರಿಂದ ಜಿಲ್ಲಾ ಪಂಚಾಯಿತಿಗೆ ಸದಸ್ಯರೇ ಇಲ್ಲ. ಏನಾದ್ರೂ ನಿಂತಿದೆಯಾ? ಭತ್ಯೆ, ಕಾರು ಎಲ್ಲ ಉಳೀತು. ಈ ಮಂಡಳಿಯನ್ನೇ ರದ್ದು ಮಾಡಿ!!"

ಮಾವ: ನೂರಕ್ಕೆ ನೂರು ನಿಜ.

ಪುಟ್ಟಿ: ಅಪ್ಪ, ಉಳಿತಾಯವೇ ಮುಖ್ಯ ಅಂದ್ರೆ ವಿಧಾನಸಭೆಗೂ ಬೀಗ ಹಾಕಬಹುದು.

ಮಾವ: ಅಧಿಕಪ್ರಸಂಗ. ಪಂಚಾಯಿತಿ ನಡೆಸೋಕೆ ಸಿಇಓ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಇದ್ದಾರೆ, ಐಎಎಸ್ ಓದಿ ಬಂದವರು. ಮೇಲೆ ಎಂಎಲ್‌ಎ ಇದ್ದಾರೆ. ನಡುವೆ ಇವರ್ಯಾಕೆ, ಕಮಿಷನ್ ಹೊಡೆಯೋಕಾ?

ನಾನು: ಮಾವ, ಎಂಎಲ್‌ಎ, ಎಂಎಲ್‌ಸಿ, ಎಂಪಿ, ತಾಲ್ಲೂಕು ಪಂಚಾಯಿತಿ ಅಧ್ಯಕ್ಷರು ಎಲ್ಲ ಆ ಮಂಡಳಿಯೊಳಗೂ ಸದಸ್ಯರೇ. ಆದ್ರೆ ಅಧ್ಯಕ್ಷರನ್ನ ಆರಿಸೋದು ಅಲ್ಲಿಗೆ ಅಂತಲೇ ಜನರಿಂದ ಗೆದ್ದು ಬಂದವರು ಮಾತ್ರ. 1993ರ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಸಾಮಾನ್ಯವಾಗಿ 40,000 ಜನಕ್ಕೆ ಒಬ್ಬ ಸದಸ್ಯ ಅಂತ ಲೆಕ್ಕ. ಎಂಎಲ್‌ಎಗೆ ಮತದಾರರೇ ಸರಾಸರಿ ಎರಡು ಲಕ್ಷದ ಮೇಲೆ.

ಮಾವ: ಎರಡು ಲಕ್ಷದವನೂ ಫೋನ್ ಎತ್ತಲ್ಲ, 40 ಸಾವಿರದವನೂ ಎತ್ತಲ್ಲ.

ಅತ್ತೆ: ದೋಸೆ ಆರ್ತಾ ಇದೆ. ಎದುರುಬದುರು ಕೂತ್ಕೊಂಡು ಫೋನಲ್ಲಿ ಜಗಳ ಇವರದ್ದು.

ದೊಡ್ಡಮ್ಮ: ನಾನು ಎತ್ತುತ್ತಿದ್ದೆ ಕಣೋ

ದೊಡ್ಡಮ್ಮ: ಫೋನ್ ಎಲ್ಲಿತ್ತು ಆಗ. ಬಾಗಿಲು ತೆಗೀತಿದ್ದೆ

ಪುಟ್ಟಿ: ಅತ್ತೆ!! ನೀವು ಮೆಂಬರ್ ಆಗಿದ್ರಾ?

ದೊಡ್ಡಮ್ಮ: 1987ರಲ್ಲಿ. ಆಗ ಅದು ಜಿಲ್ಲಾ ಪರಿಷತ್ತು. ಹೆಂಗಸರಿಗೆ 25 ಪರ್ಸೆಂಟ್ ಮೀಸಲು ಅಂತ ನನ್ನ ನಿಲ್ಲಿಸಿದ್ರು. ನಿಜವಾದ ಮೆಂಬರು ನಮ್ಮ ಯಜಮಾನರೇ ಅಂತ ಊರೆಲ್ಲ ಅಂದ್ಕೊಂಡಿತ್ತು. ಮೊದಲ ಮೂರು ಮೀಟಿಂಗ್ ನಾನೂ ಹಾಗೇ ಅಂದ್ಕೊಂಡಿದ್ದೆ. ನಾಲ್ಕನೇದ್ರಲ್ಲಿ ಎಂಜಿನಿಯರು ಬೋರ್‌ವೆಲ್ ಪಟ್ಟಿ ಓದಿದ್ರು. ನಮ್ಮ ಕಡೆ ಒಂದು ಹಳ್ಳಿಯ ಮುಂದೆ 'ಕೈಪಂಪು ಸುಸ್ಥಿತಿಯಲ್ಲಿದೆ' ಅಂತ ಇತ್ತು. ಹಿಂದಿನ ದಿನ ಅದೇ ಪಂಪಿನ ಹಿಡಿಕೆಗೆ ಎಮ್ಮೆ ಕಟ್ಟಿದ್ದನ್ನ ನಾನೇ ಕಣ್ಣಾರೆ ನೋಡಿದ್ದೆ. ಎದ್ದು ನಿಂತು ಅಷ್ಟೇ ಹೇಳಿದೆ. ಸಭೆಯೆಲ್ಲ ನಗ್ತು, ಎಂಜಿನಿಯರು ನಗಲಿಲ್ಲ. ಆ ವಾರವೇ ರಿಪೇರಿ ಗಾಡಿ ಬಂತು

(ಇಷ್ಟು ಟೈಪ್ ಮಾಡೋಕೆ ದೊಡ್ಡಮ್ಮನಿಗೆ ಕಾಲು ಗಂಟೆ ಹಿಡೀತು. ಗುಂಪು ಉಸಿರು ಬಿಗಿಹಿಡಿದು ಕಾಯ್ತು.)

ಮಾವ: ಅಕ್ಕ, ಅದು ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ ಕಾಲ. ಊರೂರಿಗೆ ಬೋರ್‌ವೆಲ್ ಹಾಕಿಸಿದವರು. ನೀರ್ ಸಾಬ್ ಅಂತ ಸುಮ್ಮನೆ ಕರೆದ್ರಾ? ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಡಿಸಿಗಿಂತ ಸೀನಿಯರ್ ಐಎಎಸ್. ಈಗ ಲಿಂಕ್ ಡಾಕ್ಯುಮೆಂಟ್ (ರಾಜ್ಯ ಬಜೆಟ್ಟಲ್ಲಿ ಜಿಲ್ಲೆಗಳ ಪಾಲಿನ ಪಟ್ಟಿ) ತೆಗೆದು ನೋಡು, ಬಹುಪಾಲು ಮೇಷ್ಟ್ರು, ನರ್ಸುಗಳ ಸಂಬಳ. ಅದಕ್ಕೆ ತಲೆಯಾಡಿಸೋಕೆ ಒಂದು ಮಂಡಳಿ?

ನಾನು: ಇದು ಗಟ್ಟಿ ಮಾತು, ನಿಮ್ಮ ಫಾರ್ವರ್ಡಲ್ಲಿ ಇರಲಿಲ್ಲ. ಆದ್ರೆ ಇದರಿಂದ ಹೊರಡೋದು 'ಅಧಿಕಾರ ವಾಪಸ್ ಕೊಡಿ' ಅನ್ನೋ ವಾದ, 'ರದ್ದು ಮಾಡಿ' ಅಲ್ಲ. ಮತ್ತೆ, ದುಡ್ಡು ಸಂಬಳಕ್ಕೇ ಹೋಗ್ಲಿ, ಸಂಬಳ ತಗೊಳ್ಳೋರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರ್ತಾರಾ ಅಂತ ಕೇಳೋರು ಯಾರು? ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಅಂತ ಒಂದಿದೆ, ಅಲ್ಲಿ ಜಿಲ್ಲಾ ಆರೋಗ್ಯಾಧಿಕಾರಿನ ಎದುರಿಗೆ ಕೂರಿಸಿಕೊಂಡು ಕೇಳಬಹುದು. ಸದಸ್ಯರೇ ಇಲ್ಲದ ಮೇಲೆ ಸಮಿತಿ ಎಲ್ಲಿಂದ ಬರಬೇಕು.

ಪುಟ್ಟಿ: ರದ್ದು ಮಾಡೋಕೆ ರಾಜ್ಯಕ್ಕೆ ಅಧಿಕಾರವೂ ಇಲ್ಲ ಅಪ್ಪ. ಸಂವಿಧಾನದ 73ನೇ ತಿದ್ದುಪಡಿ. 243ಇ ವಿಧಿ ಪ್ರಕಾರ ಐದು ವರ್ಷ ಮುಗಿಯೋದರೊಳಗೆ ಚುನಾವಣೆ ಮುಗಿಸಲೇಬೇಕು.

ಮಾವ: ಮುಗಿಸಿದ್ರಾ? ಕೊನೇದು ಆಗಿದ್ದು 2016ರ ಫೆಬ್ರವರಿ. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು. ಯಾವ ಪಕ್ಷ ಬಂದ್ರೂ ಇದೇ ರಾಗ. ಎಂಎಲ್‌ಎಗಳಿಗೆ ಇವರು ಮುಂದಿನ ಟಿಕೆಟ್ ಆಕಾಂಕ್ಷಿಗಳು, ಬೇಗ ಬರ್ಲಿ ಅಂತಾರಾ?

ನಾನು: ಮಾವ, ನೀವೀಗ ನಮ್ಮ ಕಡೆ ಮಾತಾಡ್ತಾ ಇದ್ದೀರಿ.

ದೊಡ್ಡಮ್ಮ: ನಮ್ಮ ಅವಧಿ ಮುಗಿದ ಮೇಲೂ ಹೀಗೇ. 92ರಲ್ಲಿ ಎದ್ದು ಬಂದ್ವಿ, ಮುಂದಿನವರು ಕೂತಿದ್ದು 95ಕ್ಕೆ. ನಡುವೆ ಸದಸ್ಯರ ಬದಲು ಸರ್ಕಾರ ಕೂರಿಸಿದ ಆಡಳಿತಾಧಿಕಾರಿ. ಯಾರದೋ ಮನೆ ಬಾಗಿಲು ತಟ್ಟಬೇಕು ಅಂದ್ರೆ ಆತನ ಮನೆ ಯಾವ ಊರಲ್ಲಿ ಅಂತಲೇ ಗೊತ್ತಿರಲಿಲ್ಲ

ಪುಟ್ಟಿ: ಸರಿ ಅಪ್ಪ, ಒಂದೇ ಪ್ರಶ್ನೆ. ನಮ್ಮ ಜಿಲ್ಲಾ ಪಂಚಾಯಿತಿಗೆ ಈಗ ಆಡಳಿತಾಧಿಕಾರಿ ಯಾರು? ಹೆಸರು ಹೇಳಿ ನೋಡೋಣ.

(ಮಾವ ಟೈಪ್ ಮಾಡುತ್ತಿದ್ದಾರೆ... ನಿಂತಿತು. ಮತ್ತೆ ಟೈಪ್ ಮಾಡುತ್ತಿದ್ದಾರೆ...)

ಅತ್ತೆ: ಗೂಗಲ್‌ನಲ್ಲಿ ಹುಡುಕ್ತಾ ಇದ್ದಾರೆ. ದೋಸೆ ಫ್ರಿಜ್ಜಿಗೆ ಇಟ್ಟೆ.