ಫ್ರಾನ್ಸ್‌ನ ದ್ರಾಕ್ಷಿ ತೋಟ, ನದಿ ದಂಡೆ, ಜಲ್ಲಿ ದಾರಿ: ಕಾರು ಎದುರಾಗದಂತೆ ಒಂದು ವಾರ ಸೈಕಲ್ ತುಳಿಯಬಹುದಾ?

ನಿಧಾನ ಪೆಡಲ್:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನು, ನನ್ನ ತಂಗಿ ಫ್ರಾನ್ಸ್‌ಗೆ ಹೋಗುತ್ತಿದ್ದೇವೆ. ಅದರಲ್ಲಿ ಒಂದು ವಾರ ಸೈಕಲ್‌ಗೇ ಮೀಸಲು. ಜಲ್ಲಿ ದಾರಿಗೆ ಹೊಂದುವ ದಪ್ಪ ಟೈರಿನ ಸೈಕಲ್, ಅಂದರೆ ಗ್ರಾವೆಲ್ ಬೈಕ್ ಬಾಡಿಗೆಗೆ ತೆಗೆದುಕೊಳ್ಳುತ್ತೇವೆ. ತಂಗಿ ಮೂರು ಷರತ್ತು ಹಾಕಿದ್ದಾಳೆ. ಕಾರು ಇರಬಾರದು, ಸುತ್ತ ದ್ರಾಕ್ಷಿ ತೋಟ ಇರಬೇಕು, ಡಾಂಬರು ಬೇಡ, ಜಲ್ಲಿ ದಾರಿಯೇ ಬೇಕು. ನನಗೆ ಜೊತೆಯಲ್ಲಿ ಒಂದು ನದಿಯಿದ್ದರೆ ಸಾಕು.

ದಿನಕ್ಕೆ 40-50 ಕಿಲೋಮೀಟರ್ ಆರಾಮಾಗಿ ತುಳಿಯುತ್ತೇವೆ. ಜಾಸ್ತಿ ಏರು ಬೇಡ. ಇಬ್ಬರೂ ಸಸ್ಯಾಹಾರಿಗಳು. ಎಲ್ಲರೂ ಲ್ವಾರ್ ನದಿ ಅನ್ನುತ್ತಾರೆ, ಒಬ್ಬರು ಬರ್ಗಂಡಿ ಸೀಮೆ ಅಂದರು, ಇನ್ನೊಬ್ಬರು ದಕ್ಷಿಣದ ಮಿದಿ ಕಾಲುವೆ ಅಂದರು. ಫೋಟೊಗಳಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಹೋಗಿ ಬಂದವರು ಹೇಳಿ.

ತೂರ್ ಊರಿನವಳು:

ನಾನು ತೂರ್‌ನಲ್ಲಿ ಇರುವವಳು, ಲ್ವಾರ್ ದಂಡೆ ಮನೆಯಿಂದ ಕೂಗಳತೆ. ಹಾಗಾಗಿ ನಾನು ಲ್ವಾರ್‌ಗೇ ಬನ್ನಿ ಅನ್ನಬೇಕು. ಆದರೂ ನಿಮ್ಮಿಬ್ಬರಿಗೆ ನನ್ನ ಉತ್ತರ ದಕ್ಷಿಣ ಬರ್ಗಂಡಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ತಂಗಿಯ ಮೂರು ಷರತ್ತಿನಲ್ಲಿ ಯಾವುದಾದರೂ ಎರಡು ಸುಲಭವಾಗಿ ಸಿಗುತ್ತವೆ. ಮೂರೂ ಒಟ್ಟಿಗೆ ಸಿಗುವುದು ಕೆಲವೇ ಕಿಲೋಮೀಟರ್. ದ್ರಾಕ್ಷಿ ಬೆಳೆಯುವುದು ನೀರು ನಿಲ್ಲದ ಇಳಿಜಾರಿನಲ್ಲಿ. ಕಾರಿಲ್ಲದ ದಾರಿ ಇರುವುದು ಸಪಾಟು ಜಾಗದಲ್ಲಿ, ಅಂದರೆ ನದಿ ದಂಡೆ, ಕಾಲುವೆ ದಂಡೆ, ಇಲ್ಲವೇ ರೈಲು ನಿಂತುಹೋದ ಹಳಿಯ ಜಾಗ. ದಂಡೆಯಿಂದ ತೋಟ ಚೆನ್ನಾಗಿ ಕಾಣುತ್ತದೆ, ಆದರೆ ತೋಟದ ಒಳಗೆ ಹೋಗಬೇಕೆಂದರೆ ಏರಬೇಕು. ಅಲ್ಲಿರುವುದು ರೈತರ ದಾರಿ, ಟ್ರ್ಯಾಕ್ಟರ್ ಬರುತ್ತದೆ.

ಇನ್ನೊಂದು ವಿಷಯ, ಬೋರ್ಡ್ ಓದುವುದನ್ನು ಕಲಿಯಿರಿ. 'ವ್ವಾ ವೆರ್ತ್' ಅಂತ ಇದ್ದರೆ ಮೋಟಾರು ವಾಹನಕ್ಕೆ ಪ್ರವೇಶವಿಲ್ಲ. 'ವೆಲೊರೂತ್' ಅಂದರೆ ಸೈಕಲ್‌ಗೆ ಗುರುತು ಹಾಕಿದ ಮಾರ್ಗ ಅಷ್ಟೇ. ಅದರಲ್ಲಿ ಹಳ್ಳಿ ರಸ್ತೆಯೂ ಸೇರಿರುತ್ತದೆ, ಕಾರೂ ಬರುತ್ತದೆ. ಲ್ವಾರ್ ಮಾರ್ಗ ಈ ಎರಡನೇ ಜಾತಿಗೆ ಸೇರಿದ್ದು. ನೆವೆರ್ ಹತ್ತಿರದಿಂದ ಅಟ್ಲಾಂಟಿಕ್ ತೀರದವರೆಗೆ ಸುಮಾರು 900 ಕಿಲೋಮೀಟರ್. ಸುಂದರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತೂರ್‌ನಿಂದ ವಿಲಾಂದ್ರಿವರೆಗೆ ಶೆರ್ ನದಿಯ ಪಕ್ಕದ ದಾರಿ ಮಕ್ಕಳಿಗೂ ಹೇಳಿ ಮಾಡಿಸಿದಂತಿದೆ. ಆದರೆ ಆಮ್ಬ್ವಾಸ್‌ನಿಂದ ಮೋಂಲ್ವಿಗೆ ಬರುವಾಗ ತೋಟ ಸಿಗುವ ಕಡೆಯೇ ಏರೂ ಸಿಗುತ್ತದೆ, ಸಣ್ಣ ರಸ್ತೆಯೂ ಸಿಗುತ್ತದೆ. ಸೊಮ್ಯೂರ್ ಕಡೆಯಲ್ಲೂ ಅದೇ ಕಥೆ. ಅಲ್ಲಿ ಬಿಳಿ ತೂಫೊ ಕಲ್ಲಿನ ಬೆಟ್ಟ ಕೊರೆದು ಮಾಡಿದ ಗುಹೆ ಮನೆಗಳ ನಡುವೆ ದಾರಿ ಹೋಗುತ್ತದೆ. ಅದಕ್ಕಾಗಿ ಇನ್ನೊಮ್ಮೆ ಬನ್ನಿ.

ಬರ್ಗಂಡಿಯಲ್ಲಿ ಬೋನ್‌ನಿಂದ ಶುರು ಮಾಡಿ. ಅಲ್ಲಿಂದ ಸಾಂತನೆವರೆಗೆ ಸುಮಾರು 22 ಕಿಲೋಮೀಟರ್ 'ವ್ವಾ ದೆ ವೀನ್ಯ್', ಅಂದರೆ ದ್ರಾಕ್ಷಿ ತೋಟದ ದಾರಿ ಇದೆ. ಪೊಮ್ಮಾರ್, ವೊಲ್ನೆ, ಮರ್ಸೋ, ಪುಲಿನ್ಯಿ ಊರುಗಳು ಒಂದರ ಹಿಂದೆ ಒಂದು ಬರುತ್ತವೆ. ತಂಗಿಗೆ ಬೇಕಾದ ಫೋಟೊ ಇಲ್ಲೇ ಸಿಗುವುದು. ನೆಲ ಮಾತ್ರ ಮಿಶ್ರ. ಒಂದಷ್ಟು ದೂರ ಜಲ್ಲಿ, ಒಂದಷ್ಟು ಕಾಂಕ್ರೀಟು, ಒಂದಷ್ಟು ಡಾಂಬರು. ಸಣ್ಣ ಸಣ್ಣ ಏರಿಳಿತ ಇವೆ. ಒಂದೊಂದು ತುಂಡು ಹೊಲಕ್ಕೂ ಬೇರೆ ಹೆಸರು, ಸುತ್ತ ಕಲ್ಲಿನ ಗೋಡೆ. ಈ ತುಂಡುಗಳಿಗೆ ಅಲ್ಲಿ 'ಕ್ಲಿಮಾ' ಅನ್ನುತ್ತಾರೆ. 2015ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು. ಗೋಡೆಯ ಈ ಕಡೆ ಬೆಳೆದ ದ್ರಾಕ್ಷಿಗೂ ಆ ಕಡೆ ಬೆಳೆದ ದ್ರಾಕ್ಷಿಗೂ ಬೆಲೆಯಲ್ಲಿ ಅಜಗಜಾಂತರ. ನನಗಂತೂ ಎರಡೂ ಒಂದೇ ಥರ ಕಾಣುತ್ತವೆ. ಈ ಮಾತು ಅಲ್ಲಿ ಯಾರೆದುರೂ ಆಡಬೇಡಿ!

ಸಾಂತನೆ ಆದಮೇಲೆ ಸಾಂತ್ರ್ ಕಾಲುವೆ ಹಿಡಿದು ಶಾಲೋನ್ ಸೇರಿಕೊಳ್ಳಿ. ಅಲ್ಲಿಂದ ಒಂದು ಸುತ್ತು ಇದೆ, ನನ್ನ ಪ್ರಕಾರ ಅದೇ ನಿಮ್ಮ ಪ್ರವಾಸದ ಮುಖ್ಯ ಭಾಗ. ಶಾಲೋನ್ ಹತ್ತಿರದ ಜಿವ್ರಿಯಿಂದ ಕ್ಲೂನಿವರೆಗೆ ಹಳೇ ರೈಲು ಹಳಿಯ ಮೇಲೆ 44 ಕಿಲೋಮೀಟರ್ ವ್ವಾ ವೆರ್ತ್. 1997ರಲ್ಲಿ ತೆರೆದದ್ದು, ಫ್ರಾನ್ಸ್‌ನಲ್ಲಿ ಈ ಥರದ್ದರಲ್ಲಿ ಮೊದಲನೆಯದು. ಬ್ಯುಕ್ಸಿ ಸುತ್ತ ಎರಡೂ ಕಡೆ ತೋಟ. ರೈಲು ಕಡಿದಾದ ಏರು ಹತ್ತುವುದಿಲ್ಲವಲ್ಲ, ಹಾಗಾಗಿ ನಿಮಗೂ ಏರು ಗೊತ್ತಾಗುವುದಿಲ್ಲ. ಕ್ಲೂನಿಯಿಂದ ಬ್ವಾ ಕ್ಲೇರ್ ಸುರಂಗ ದಾಟಿ ಮಾಕೋನ್. ಅಲ್ಲಿಂದ ಸೋನ್ ನದಿ ದಂಡೆ ಹಿಡಿದು ತೂರ್ನ್ಯು ಮೂಲಕ ಮತ್ತೆ ಶಾಲೋನ್. ನಿಮ್ಮ ನದಿ ಇಲ್ಲಿ ಬಂತು. ದಿಜೋನ್, ಬೋನ್, ಶಾಲೋನ್, ಮಾಕೋನ್ ಎಲ್ಲವೂ ಒಂದೇ ರೈಲು ದಾರಿಯಲ್ಲಿವೆ. ಪ್ರಾದೇಶಿಕ ಟಿಇಆರ್ ರೈಲಿನಲ್ಲಿ ಸೈಕಲ್ ಬಿಚ್ಚದೆ ಹಾಗೇ ಹತ್ತಿಸಬಹುದು. ಸುಸ್ತಾದರೆ ರೈಲು ಹತ್ತಿ, ಯಾರೂ ನೋಡುವುದಿಲ್ಲ.

ಡಾಂಬರು ಬೇಡ ಅನ್ನುವ ಷರತ್ತು ಮಾತ್ರ ಇಲ್ಲಿ ನಡೆಯುವುದಿಲ್ಲ. ಜಿವ್ರಿ-ಕ್ಲೂನಿ ದಾರಿ ನುಣ್ಣಗಿದೆ. ತಂಗಿಗೆ ಯಾವುದು ಹೆಚ್ಚು ಬೇಕು ಕೇಳಿ ನೋಡಿ, ಜಲ್ಲಿಯೋ ಕಾರಿಲ್ಲದಿರುವುದೋ? ನನ್ನನ್ನು ಕೇಳಿದರೆ ಕಾರಿಲ್ಲದಿರುವುದೇ.

ಬೇರು ಗುದ್ದಿದವನು:

ಜಲ್ಲಿಯೇ ಬೇಕು ಅಂದರೆ ಮಿದಿ ಕಾಲುವೆಗೆ ಹೋಗಿ ಮೇಡಂ. ಟುಲೂಸ್‌ನಿಂದ ಹೊರಟು ಪೋರ್ ಲೊರಾಗೆ ಆಸುಪಾಸಿನವರೆಗೆ ಡಾಂಬರು. ಆಮೇಲೆ ಮಣ್ಣು, ಜಲ್ಲಿ. ಕಾರ್ಕಸೋನ್ ದಾಟಿದ ಮೇಲೆ ಮಿನೆರ್ವ್ವಾ ಸೀಮೆಯ ತೋಟಗಳು ಕಾಲುವೆ ಹತ್ತಿರಕ್ಕೇ ಬರುತ್ತವೆ. ತೂರ್ ಅಕ್ಕ ಹೇಳಿದ ಲೆಕ್ಕ ಇಲ್ಲಿ ಸ್ವಲ್ಪ ತಪ್ಪುತ್ತದೆ. ಪಿಯೆರ್ ಪೋಲ್ ರಿಕೆ ಈ ಕಾಲುವೆಯನ್ನು ಬೆಟ್ಟದ ಮಟ್ಟ ಹಿಡಿದು ಬಳಸಿ ಬಳಸಿ ತಂದಿದ್ದಾನೆ. ಬೆಜಿಯೆ ಮುಂಚೆ 50 ಕಿಲೋಮೀಟರ್‌ಗೂ ಹೆಚ್ಚು ದೂರ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಲಾಕ್ ಗೇಟ್ ಒಂದೂ ಇಲ್ಲ. ಅಂದರೆ ನಿಮಗೂ ಏರಿಲ್ಲ.

ತೊಂದರೆ ಏನೆಂದರೆ ದಂಡೆಯಲ್ಲಿ ಸಾಲಾಗಿ ನೆಟ್ಟ 'ಪ್ಲೇನ್' ಅನ್ನುವ ದೊಡ್ಡ ನೆರಳಿನ ಮರದ ಬೇರು. ಹಳೇ ಮರಗಳ ಬೇರು ದಾರಿಯ ಅಡ್ಡಕ್ಕೆ ಎದ್ದಿರುತ್ತದೆ. ಕೆಲವೆಡೆ ದಾರಿ ಹ್ಯಾಂಡಲ್ ಅಗಲ, ಪಕ್ಕದಲ್ಲೇ ನೀರು. 40 ಮಿ.ಮೀ. ಟೈರ್ ಹಾಕಿಸಿ, ಗಾಳಿ ಸ್ವಲ್ಪ ಕಡಿಮೆ ಇರಲಿ. ನೆರಳನ್ನು ನಂಬಿಕೊಂಡು ಹೋಗಬೇಡಿ. 2006ರಿಂದ ಶಿಲೀಂಧ್ರ ರೋಗ ಬಂದು ಸಾವಿರಾರು ಮರ ಕಡಿದಿದ್ದಾರೆ. ಬೇರೆ ಜಾತಿಯ ಸಸಿ ನೆಟ್ಟಿದ್ದಾರೆ, ಆದರೆ ಸಸಿ ಎಷ್ಟು ನೆರಳು ಕೊಟ್ಟೀತು? ಮೇಲೆ ಆ ಸೀಮೆಯ ಗಾಳಿ. ಎದುರು ಗಾಳಿ ಸಿಕ್ಕ ದಿನ 40 ಕಿಲೋಮೀಟರ್ ಅಂದರೆ 80 ಇದ್ದಂತೆ.

ಚೈನ್ ಎಣ್ಣೆ:

ಸುಮ್ನೆ ಒಂದು ಮಾತು. ನೂರಕ್ಕೆ ನೂರು ಕಾರು ಬೇಡ ಅಂತ ಹಟ ಹಿಡಿಯಬೇಡಿ. ಅಲ್ಲಿ ಊರ ಹೊರಗೆ ಸೈಕಲ್ ದಾಟಿ ಹೋಗುವ ಕಾರು ಒಂದೂವರೆ ಮೀಟರ್ ದೂರ ಬಿಡಬೇಕು ಅಂತ ಕಾನೂನಿದೆ. ಹಳ್ಳಿ ರಸ್ತೆಯಲ್ಲಿ ಬಹಳ ಜನ ಪಾಲಿಸುವುದನ್ನೂ ಕಂಡಿದ್ದೇನೆ. ಬೋರ್ಡೊ ಕಡೆ ಹೋದರೆ ರೋಜೆ ಲಾಪೆಬಿ ದಾರಿ ನೋಡಿ, ಅದೂ ಹಳೇ ರೈಲು ಹಳಿ, ಆಂತ್ರ್ ದ ಮೆರ್ ತೋಟಗಳ ನಡುವೆ ಸೋವೆತೆರ್‌ವರೆಗೆ ಹೋಗುತ್ತದೆ. 1937ರ ಟೂರ್ ದ ಫ್ರಾನ್ಸ್ ಗೆದ್ದವನ ಹೆಸರು. ಗೇರ್ ಬದಲಿಸುವ ಡಿರೇಲರ್‌ಗೆ ಆ ರೇಸ್‌ನಲ್ಲಿ ಅನುಮತಿ ಸಿಕ್ಕಿದ್ದೇ ಆ ವರ್ಷ.

ನಿಧಾನ ಪೆಡಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ತಂಗಿಗೆ ಓದಿ ಹೇಳಿದೆ. "ಪಕ್ಕದಲ್ಲೇ ನೀರು" ಅಂದ ತಕ್ಷಣ ಮಿದಿ ಕಾಲುವೆ ಬೇಡ ಅಂದಳು. ಡಾಂಬರಿಗೆ ಒಪ್ಪಿದ್ದಾಳೆ. ಹಾಗಾದರೆ ಬರ್ಗಂಡಿಯೇ. ಎರಡು ಅನುಮಾನ. ಸೆಪ್ಟೆಂಬರ್‌ನಲ್ಲಿ ಕೊಯ್ಲು ಅಲ್ವಾ, ದಾರಿ ಮುಚ್ಚಿರುತ್ತಾರಾ? ಮತ್ತೆ ಊಟ, ನೀರು?

ತೂರ್ ಊರಿನವಳು:

ಕೊಯ್ಲು ಒಂದೊಂದು ವರ್ಷ ಒಂದೊಂದು ಥರ. ಬಿಸಿಲು ಜೋರಿದ್ದ ವರ್ಷ ಆಗಸ್ಟ್ ಕೊನೆಗೇ ಶುರುವಾಗುತ್ತದೆ. ದಾರಿ ಮುಚ್ಚಿದ್ದು ನಾನು ಕಂಡಿಲ್ಲ. ಆದರೆ ಬೋನ್-ಸಾಂತನೆ ನಡುವೆ ವ್ಯಾನು, ಟ್ರ್ಯಾಕ್ಟರು, ಬಕೆಟ್ ಹಿಡಿದ ಜನ ಎಲ್ಲಾ ಇರುತ್ತಾರೆ. ಅಲ್ಲಿನ ಟ್ರ್ಯಾಕ್ಟರ್ ನೋಡಬೇಕು, ಸಾಲಿನ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಟ್ಟು ಬಳ್ಳಿಯ ಮೇಲೆಯೇ ನಡೆದುಬರುತ್ತದೆ. ತಿರುವಿನಲ್ಲಿ ಅದು ಎದುರಾದರೆ ನೀವೇ ಇಳಿದು ದಾರಿ ಬಿಡಿ. ಅವರ ವರ್ಷದ ದುಡಿಮೆ, ನಮ್ಮದು ರಜೆ. ಹಣ್ಣಿಗೆ ಕೈ ಹಾಕಬೇಡಿ.

ಊಟದ್ದೇ ನಿಜವಾದ ಕಷ್ಟ. ಹಳ್ಳಿಯಲ್ಲಿ ಊಟ ಸಿಗುವುದು ಮಧ್ಯಾಹ್ನ 12ರಿಂದ 2ರವರೆಗೆ. ಎರಡೂವರೆಗೆ ಹೋದರೆ ಕುರ್ಚಿ ಮೇಲೆತ್ತಿರುತ್ತಾರೆ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಎಷ್ಟೋ ಅಂಗಡಿ ಮುಚ್ಚಿರುತ್ತವೆ, ಆದ್ದರಿಂದ ಶನಿವಾರವೇ ಬ್ರೆಡ್ಡು, ಚೀಸು, ಹಣ್ಣು ತುಂಬಿಕೊಳ್ಳಿ. ಸಲಾಡ್ ಅಂತ ಧೈರ್ಯವಾಗಿ ತರಿಸಬೇಡಿ. ಬಹಳ ಕಡೆ ಅದರಲ್ಲಿ 'ಲಾರ್ದೋ' ಇರುತ್ತದೆ, ಅಂದರೆ ಹಂದಿ ಮಾಂಸದ ಸಣ್ಣ ತುಂಡು. ಮೊಟ್ಟೆ ಹಾಕಿ ಬೇಯಿಸುವ ಕೀಶ್ ಅನ್ನುವ ತಿಂಡಿಯಲ್ಲೂ ಅದೇ. "ಸಾಂ ವಿಯಾಂದ್, ಸಾಂ ಪ್ವಾಸೋಂ" ಅಂತ ಹೇಳಿ, ಮಾಂಸ ಬೇಡ, ಮೀನು ಬೇಡ. ಆಮೇಲೂ ಲಾರ್ದೋ ಬಗ್ಗೆ ಬೇರೆಯಾಗಿ ಕೇಳಿ. ಕೆಲವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ!

ನೀರಿಗೆ ಸ್ಮಶಾನ ಹುಡುಕಿ. ನಗಬೇಡಿ, ಪ್ರತಿ ಹಳ್ಳಿಯ ಸ್ಮಶಾನದಲ್ಲೂ ಹೂವಿಗೆ ಹಾಕಲು ನಲ್ಲಿ ಇರುತ್ತದೆ. ಸೈಕಲ್‌ನವರೆಲ್ಲ ಅಲ್ಲೇ ಬಾಟಲಿ ತುಂಬುವುದು. 'ನೋಂ ಪೊತಾಬ್ಲ್' ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಉಳಿಯಲು 'ಆಕ್ಯೊಯ್ ವೆಲೊ' ಗುರುತು ಇರುವ ಕಡೆ ರೂಮು ಮಾಡಿ. ಸೈಕಲ್ ಇಡಲು ಭದ್ರ ಜಾಗ, ರಿಪೇರಿ ಸಾಮಾನು ಕೊಡುತ್ತಾರೆ. ವೈನ್ ರುಚಿ ನೋಡುವ ಆಸೆ ಇದ್ದರೆ ಸಂಜೆ, ಸೈಕಲ್ ಒಳಗಿಟ್ಟ ಮೇಲೆ. ಕುಡಿದು ಓಡಿಸುವ ಕಾನೂನು ಸೈಕಲ್‌ಗೂ ಇದೆ, ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ.

ಬ್ವಾ ಕ್ಲೇರ್ ಸುರಂಗ 1.6 ಕಿಲೋಮೀಟರ್. ಬಾವಲಿಗಳ ನಿದ್ದೆಗಾಗಿ ಚಳಿಗಾಲದಲ್ಲಿ ಮುಚ್ಚುತ್ತಾರೆ, ಸೆಪ್ಟೆಂಬರ್‌ನಲ್ಲಿ ತೆರೆದಿರುತ್ತದೆ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಚಳಿ ಹಿಡಿಯುತ್ತದೆ. ಜಾಕೆಟ್ ಬ್ಯಾಗಿನ ತಳಕ್ಕೆ ತುರುಕಬೇಡಿ, ಮೇಲೇ ಇರಲಿ. ರೂಮು ಬುಕ್ ಮಾಡುವ ಮುಂಚೆ ದಿನದ ಪಟ್ಟಿ ಇಲ್ಲಿ ಹಾಕಿ, ಸೋಮವಾರ ಯಾವ ಊರಿನಲ್ಲಿ ಬೀಳುತ್ತದೆ ನೋಡಿ ಹೇಳುತ್ತೇನೆ.